ಪ್ರಶ್ನೆಗೆ ಬರೆದ ಉತ್ತರ: ಭೀಮಾ ಸೀಮೆಯ ಒಂದು ಹಳೆಯ ರೂಢಿ

ತನ್ನ ಬದುಕನ್ನು ಕುರಿತ ಒಂದು ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಅದಕ್ಕೆ ಬರಹದಲ್ಲಿ ಉತ್ತರ ಕೊಡುವುದು, ಕೊಡುತ್ತ ಕೊಡುತ್ತ ಬರೆಯುವುದನ್ನೇ ರೂಢಿ ಮಾಡಿಕೊಳ್ಳುವುದು ಇಂದು ಶಿಕ್ಷಕರ ತರಬೇತಿಯಲ್ಲೂ ಬರವಣಿಗೆಯ ಕಮ್ಮಟಗಳಲ್ಲೂ ಹೇಳಿಕೊಡುವ ಕ್ರಮ. ಕಲಬುರಗಿ ಜಿಲ್ಲೆಯ ಗೊಬ್ಬೂರ ಸುತ್ತಲಿನ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗೆ ಈ ಕ್ರಮ ಹೊಸದಲ್ಲ. ಇಲ್ಲಿಂದ ಪೂರ್ವಕ್ಕೆ ಮಾನ್ಯಖೇಟ, ಉತ್ತರಕ್ಕೆ ಕಲ್ಯಾಣ, ದಕ್ಷಿಣಕ್ಕೆ ಮುದನೂರು. ಭೀಮಾ ನದಿಯ ಆಚೀಚಿನ ಈ ನೆಲದಲ್ಲಿ ಸಾವಿರ ವರ್ಷಕ್ಕೂ ಹಿಂದಿನಿಂದ ಪ್ರಶ್ನೆಯೇ ಬರಹದ ಬೀಜವಾಗಿದೆ. ಆದರೆ ಇಲ್ಲಿಯವರು ಒಬ್ಬರೇ ಕೂತು ತಮ್ಮಷ್ಟಕ್ಕೆ ಕೇಳಿಕೊಂಡದ್ದು ಕಡಿಮೆ. ಕೇಳುವವರು ಬೇರೆ, ಹೇಳುವವರು ಬೇರೆ, ನಡುವೆ ಕೂತು ಕೇಳಿಸಿಕೊಳ್ಳುವವರು ಇನ್ನೂ ನಾಲ್ಕು ಮಂದಿ. ಬರಹ ಉಳಿದದ್ದು ಆ ನಾಲ್ಕು ಮಂದಿಯಿಂದ.

ಸಿಗುವ ಮೊದಲ ಉದಾಹರಣೆ ಅರಮನೆಯದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ 814ರಿಂದ 878ರವರೆಗೆ ಆಳಿದವನು. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಮಳಖೇಡ. ಸಂಸ್ಕೃತದ ‘ಪ್ರಶ್ನೋತ್ತರರತ್ನಮಾಲಿಕೆ’ ಎಂಬ ಪುಟ್ಟ ಕೃತಿಯನ್ನು ಅವನ ಹೆಸರಿಗೆ ಹೇಳುತ್ತಾರೆ. ಶಂಕರಾಚಾರ್ಯರದೆಂದೂ ವಿಮಲನೆಂಬ ಜೈನ ಕವಿಯದೆಂದೂ ಹೇಳುವ ಪರಂಪರೆಗಳಿವೆ. ಆದರೆ ಅದರ ಟಿಬೆಟನ್ ಅನುವಾದ ಅಮೋಘವರ್ಷನನ್ನೇ ಕರ್ತೃವೆಂದು ಹೆಸರಿಸುವುದರಿಂದ ಅವನ ಪಕ್ಷ ಬಲವಾಗಿದೆ. ವಿವೇಕದಿಂದ ರಾಜ್ಯ ಬಿಟ್ಟ ಅರಸನ ಕೃತಿ ಎಂದು ಅದರ ಕೊನೆಯ ಪದ್ಯದ ಒಂದು ಪಾಠ ಸಾರುತ್ತದೆ. ಮೂವತ್ತರ ಆಸುಪಾಸಿನ ಆರ್ಯಾ ಪದ್ಯಗಳಲ್ಲಿ ಚಿಕ್ಕ ಪ್ರಶ್ನೆ, ಅದಕ್ಕಿಂತ ಚಿಕ್ಕ ಉತ್ತರ. ಯಾವುದು ಹಿತ, ಯಾವುದಕ್ಕೆ ಅಂಜಬೇಕು, ಯಾರನ್ನು ನಂಬಬೇಕು ಎಂಬ ಬಗೆಯ ಈ ಪ್ರಶ್ನೆಗಳಿಗೆ ಉತ್ತರ ಎಲ್ಲರಿಗೂ ಒಂದೇ. ಓದುವವನು ಕಂಠಪಾಠ ಮಾಡಬಹುದು, ತನ್ನದೊಂದನ್ನು ಸೇರಿಸುವಂತಿಲ್ಲ. ಅದು ಬಾಯಿಪಾಠದ ರೂಢಿಯನ್ನು ಬೆಳೆಸಿರಬಹುದು. ಬರೆಯುವ ರೂಢಿಯನ್ನು ಬೆಳೆಸಿದ್ದು ಅದಲ್ಲ.

ಅದನ್ನು ಬೆಳೆಸಿದ್ದು ವಚನ. ಮೊದಲು ಕಲಬುರಗಿ ಜಿಲ್ಲೆಯಲ್ಲೇ ಇದ್ದು ಈಗ ಯಾದಗಿರಿ ಜಿಲ್ಲೆಗೆ ಸೇರಿದ ಮುದನೂರಿನ ಜೇಡರ ದಾಸಿಮಯ್ಯ ನೇಕಾರ, ಆದ್ಯ ವಚನಕಾರರಲ್ಲಿ ಒಬ್ಬ. ಅವನ ಇಷ್ಟದೈವವೇ ಅವನ ವಚನಗಳ ಅಂಕಿತವೂ ಆದ ರಾಮನಾಥ. ಈ ಪ್ರಕಾರ ಬರೆಯುವವರಿಗೆ ಎರಡು ಅನುಕೂಲ ಒದಗಿಸಿತು. ಒಂದು, ಛಂದಸ್ಸಿನ ಹಂಗು ತಪ್ಪಿತು. ಮಗ್ಗದ ಮುಂದೆ ಕೂತವನು ಗಣ, ಪ್ರಾಸ ಲೆಕ್ಕಹಾಕದೆ ತನ್ನ ಮಾತಿನಲ್ಲೇ ಹೇಳಬಹುದಾಯಿತು. ಇನ್ನೊಂದು, ಅಂಕಿತ. ಪ್ರತಿ ವಚನವೂ ಕೊನೆಗೆ ಒಂದೇ ಹೆಸರಿನ ಮುಂದೆ ಬಂದು ನಿಲ್ಲುತ್ತದೆ. ಹೇಳಬೇಕಾದದ್ದು ಯಾರಿಗೆ ಎಂಬುದು ಮೊದಲೇ ಗೊತ್ತಿರುವುದರಿಂದ ಪ್ರತಿ ಸಲವೂ ಹೊಸದಾಗಿ ಆರಂಭಿಸುವ ಕಷ್ಟವಿಲ್ಲ. ಬರಹದ ರೂಢಿ ತಪ್ಪುವುದು ಹೆಚ್ಚಾಗಿ ಮೊದಲ ಸಾಲಿನಲ್ಲಿ. ವಚನಕಾರರಿಗೆ ಕೊನೆಯ ಸಾಲು ಕೈಯಲ್ಲೇ ಇರುತ್ತಿತ್ತು.

12ನೆಯ ಶತಮಾನದಲ್ಲಿ, ಕಳಚುರಿ ಬಿಜ್ಜಳನ ಕಲ್ಯಾಣದಲ್ಲಿ, ಈ ಅನುಕೂಲ ಒಂದು ಸಮುದಾಯದ ಸ್ವತ್ತಾಯಿತು. ಬಸವಣ್ಣನ ಮಹಾಮನೆಗೆ ಬಂದವರಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಮಡಿ ಮಾಡುವ ಮಾಚಯ್ಯ, ಬುಟ್ಟಿ ಹೆಣೆಯುವ ಮೇದರ ಕೇತಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಸೌದೆ ಮಾರುವ ಮೋಳಿಗೆ ಮಾರಯ್ಯ ಇದ್ದರು. ವಚನ ಬರೆದ ಮಹಿಳೆಯರೇ ಮೂವತ್ತಕ್ಕಿಂತ ಹೆಚ್ಚು. ಇವರೆಲ್ಲರ ಮುಂದಿದ್ದ ಪ್ರಶ್ನೆಗಳು ಮಾನ್ಯಖೇಟದ ಪ್ರಶ್ನೆಗಳಂತೆ ಎಲ್ಲರಿಗೂ ಒಂದೇ ಉತ್ತರದವಲ್ಲ. ನೀನು ದುಡಿದದ್ದು ಎಷ್ಟು, ಅದರಲ್ಲಿ ನಿನಗೆ ಬೇಕಾದದ್ದು ಎಷ್ಟು, ಉಳಿದದ್ದು ಯಾರದು? ನುಡಿದಂತೆ ನಡೆದೆಯಾ? ಹಿಡಿದ ವ್ರತ ಯಾರಿಗೆ ತೋರಿಸಲು? ಇಂಥವಕ್ಕೆ ಒಬ್ಬರ ಉತ್ತರ ಇನ್ನೊಬ್ಬರಿಗೆ ಒದಗುವುದಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಇದಕ್ಕೆ ಸ್ಪಷ್ಟ ನಿದರ್ಶನ. ಗಂಡ ಆಯ್ದಕ್ಕಿ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಅದು ಯಾರ ಆಸೆ ಎಂದು ಕೇಳಿ, ಮಿಕ್ಕದ್ದನ್ನು ಎತ್ತಿದಲ್ಲೇ ಸುರಿದು ಬರುವಂತೆ ಹೇಳುತ್ತಾಳೆ. ಅವಳ ಹೆಸರಲ್ಲಿ ಉಳಿದ ಇಪ್ಪತ್ತೈದರಷ್ಟು ವಚನಗಳಲ್ಲಿ ಈ ವಿಚಾರಣೆಯ ದನಿ ಕೇಳುತ್ತದೆ. ಕೇಳಿಸಿಕೊಂಡ ಗಂಡನೂ ವಚನಕಾರನೇ. ಅಂದರೆ ಒಂದೇ ಮನೆಯೊಳಗೆ ಪ್ರಶ್ನೆ ಒಬ್ಬರದು, ಉತ್ತರ ಇನ್ನೊಬ್ಬರದು, ಎರಡೂ ವಚನದಲ್ಲಿ. ವ್ರತನಿಷ್ಠೆಯೊಂದನ್ನೇ ಹಿಡಿದು ನೂರೈವತ್ತಕ್ಕೂ ಹೆಚ್ಚು ವಚನ ಹೇಳಿದ ಅಕ್ಕಮ್ಮನದು ಮತ್ತೊಂದು ರೀತಿ. ಅಲ್ಲಿ ಪ್ರಶ್ನೆ ಬದಲಾಗುವುದೇ ಇಲ್ಲ. ಅದೇ ಪ್ರಶ್ನೆಗೆ ಬಗೆಬಗೆಯಾಗಿ ಉತ್ತರ ಹೇಳಿ ನೋಡುವುದೇ ಅವಳ ಅಭ್ಯಾಸ.

ರೋಮಿನ ಸೆನೆಕಾ ದೀಪ ಆರಿಸಿದ ಮೇಲೆ, ಹೆಂಡತಿ ಮಾತು ನಿಲ್ಲಿಸಿದ ಮೇಲೆ, ದಿನದ ನಡೆಯನ್ನೆಲ್ಲ ತಾನೇ ವಿಚಾರಣೆಗೆ ಹಾಕಿಕೊಳ್ಳುತ್ತಿದ್ದೆ ಎಂದು ಬರೆದಿದ್ದಾನೆ. ಸೆಕ್ಸ್ಟಿಯಸ್ ಎಂಬ ಹಿರಿಯನಿಂದ ಕಲಿತ ರೂಢಿಯಂತೆ ಅದು. ಕಲ್ಯಾಣದವರಿಗೆ ಈ ಏಕಾಂತದ ವಿಚಾರಣೆ ಸಾಲದೆಂದು ತೋರಿರಬೇಕು. ಲಕ್ಕಮ್ಮ ಮಾತು ನಿಲ್ಲಿಸದಿದ್ದದ್ದರಿಂದಲೇ ಅಲ್ಲವೇ ಮಾರಯ್ಯನಿಗೆ ತನ್ನ ಅಕ್ಕಿಯ ಲೆಕ್ಕ ಸಿಕ್ಕಿದ್ದು!

ಹೇಳಿದ್ದು ಬರಹಕ್ಕೆ ಇಳಿಯುತ್ತಿದ್ದದ್ದು ಓಲೆಗರಿಯ ಮೇಲೆ. ಕಬ್ಬಿಣದ ಕಂಠದಿಂದ ಗೀರಿ, ಮಸಿ ತೀಡಿ, ತೂತಿನಲ್ಲಿ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆ ಇಟ್ಟು ಕಟ್ಟುವುದು ಕ್ರಮ. ವಚನಗಳ ಭಂಡಾರ ನೋಡಿಕೊಂಡವನು ಶಾಂತರಸ ಎಂದು ಪರಂಪರೆ ಹೇಳುತ್ತದೆ. ಬರೆದಿಡುವ ಕೆಲಸಕ್ಕೇ ಒಬ್ಬ ಭಂಡಾರಿ ಇದ್ದನೆಂಬ ನೆನಪು ಉಳಿದಿರುವುದು ಗಮನಾರ್ಹ. 1167ರ ಸುಮಾರಿಗೆ ಕಲ್ಯಾಣದಲ್ಲಿ ಕ್ಷೋಭೆಯಾಗಿ ಶರಣರು ದಿಕ್ಕಾಪಾಲಾದಾಗ ಈ ಕಟ್ಟುಗಳನ್ನು ಹೊತ್ತು ಉಳವಿಯ ದಾರಿ ಹಿಡಿದರೆಂಬುದು ಜನಜನಿತ ಕಥನ.

ಮುಂದಿನ ಇನ್ನೂರು ವರ್ಷಗಳಲ್ಲಿ ಹೊಸ ವಚನ ಹುಟ್ಟಿದ್ದು ಕಡಿಮೆ. 15ನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ವಿರಕ್ತರು ಹಳೆಯ ಕಟ್ಟುಗಳನ್ನು ಬಿಚ್ಚಿ ಎರಡು ಬಗೆಯಲ್ಲಿ ಮತ್ತೆ ಜೋಡಿಸಿದರು. ಬರಹದ ರೂಢಿಯ ಮಟ್ಟಿಗೆ ಎರಡೂ ನಿರ್ಣಾಯಕ.

ಮೊದಲನೆಯದು ಸ್ಥಲದ ಕಟ್ಟು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳನ್ನು, ಅಂದರೆ ಸಾಧನೆಯ ಮೆಟ್ಟಿಲುಗಳನ್ನು, ಒಡೆದು 44 ಅಂಗಸ್ಥಲ, 57 ಲಿಂಗಸ್ಥಲ, ಒಟ್ಟು ನೂರೊಂದು ಮಾಡಿದರು. ಜಕ್ಕಣಾರ್ಯ, ಮಹಲಿಂಗದೇವ ಮೊದಲಾದವರ ಕೃತಿಗಳು ಈ ಮಾದರಿಯವು. ಪಿಂಡಸ್ಥಲ, ಪಿಂಡಜ್ಞಾನಸ್ಥಲ, ಸಂಸಾರಹೇಯಸ್ಥಲ, ಗುರುಕಾರುಣ್ಯಸ್ಥಲ ಎಂದು ಮುಂದುವರಿಯುವ ಈ ಪಟ್ಟಿ ಮೇಲ್ನೋಟಕ್ಕೆ ಒಣ ಶಾಸ್ತ್ರ. ಬರೆಯುವವನ ಕಣ್ಣಲ್ಲಿ ನೋಡಿದರೆ ಅದು ಕ್ರಮವಾಗಿ ಇಟ್ಟ ಪ್ರಶ್ನೆಗಳ ಸಾಲು: ಈ ದೇಹ ಹೇಗೆ ಬಂತು, ಅದನ್ನು ಅರಿತೆಯಾ, ಸಂಸಾರದಲ್ಲಿ ನಿನಗೆ ಹೇಸಿಕೆ ಬಂದದ್ದು ಎಲ್ಲಿ, ದಾರಿ ತೋರಿದವರು ಯಾರು? ಒಂದಕ್ಕೆ ಉತ್ತರ ಮುಗಿದರೆ ಮುಂದಿನದು ಕಾದಿರುತ್ತದೆ. ಏನು ಬರೆಯಲಿ ಎಂದು ತಡಕಾಡುವ ಪ್ರಮೇಯವೇ ಇಲ್ಲ. ಇದೇ ಚೌಕಟ್ಟು ಹಿಡಿದು ತೋಂಟದ ಸಿದ್ಧಲಿಂಗಯತಿ 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನು ರಚಿಸಿದ್ದು. ಬತ್ತಿದಂತಿದ್ದ ಪ್ರಕಾರ ಮತ್ತೆ ಹರಿಯತೊಡಗಿದ್ದಕ್ಕೆ ಭಕ್ತಿಯಷ್ಟೇ ಈ ಪಟ್ಟಿಯೂ ಕಾರಣವೆಂದರೆ ಅತಿಶಯವಾಗದು.

ಎರಡನೆಯದು ಶೂನ್ಯಸಂಪಾದನೆ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಪಾದಿಸಿದ, ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾಚಾರ್ಯ ಪರಿಷ್ಕರಿಸಿದ ಈ ಗ್ರಂಥದಲ್ಲಿ ಅಲ್ಲಮಪ್ರಭು ಒಬ್ಬೊಬ್ಬ ಶರಣರನ್ನು ಎದುರಿಗೆ ನಿಲ್ಲಿಸಿ ಪ್ರಶ್ನಿಸುತ್ತಾನೆ, ಅವರು ತಮ್ಮ ವಚನದಲ್ಲೇ ಉತ್ತರಿಸುತ್ತಾರೆ. ಅಕ್ಕಮಹಾದೇವಿಯನ್ನು ಕೇಳುವ ಪ್ರಶ್ನೆಗಳು ಕಠೋರ. ನಿನ್ನ ಗಂಡ ಯಾರು, ಎಲ್ಲವನ್ನೂ ಬಿಟ್ಟವಳಿಗೆ ಕೂದಲ ಮರೆ ಏಕೆ ಎಂಬಲ್ಲಿಗೂ ಅವು ಹೋಗುತ್ತವೆ. ಆಕೆ ಅಳುಕದೆ ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಈ ಸಂವಾದಗಳನ್ನು 12ನೆಯ ಶತಮಾನದ ವರದಿಯೆಂದು ಓದುವಂತಿಲ್ಲ. ಬಿಡಿಬಿಡಿಯಾಗಿದ್ದ ವಚನಗಳನ್ನು ಎದುರುಬದುರು ಕೂರಿಸಿದ್ದು ಸಂಪಾದಕರು, ಅದೂ ಎರಡೂವರೆ ಶತಮಾನ ಕಳೆದ ಮೇಲೆ. ಶರಣರು ಕೂಡಿ ಚರ್ಚಿಸುತ್ತಿದ್ದರೆನ್ನುವ ಅನುಭವ ಮಂಟಪದ ಚಿತ್ರ ಇಂದಿನ ಓದುಗರ ಮನಸ್ಸಿನಲ್ಲಿ ಇಷ್ಟು ಸ್ಪಷ್ಟವಾಗಿರುವುದಕ್ಕೆ ಅವರ ಕೈಚಳಕವೇ ಬಹುಪಾಲು ಕಾರಣ. ಆದರೂ ಅವರ ಓದು ಸೂಕ್ಷ್ಮವಾದುದು. ಪ್ರತಿ ವಚನವೂ ಯಾವುದೋ ಪ್ರಶ್ನೆಯ ಉತ್ತರವೆಂದು ಕಂಡುಕೊಂಡು, ಕಾಣೆಯಾದ ಪ್ರಶ್ನೆಯನ್ನು ಹುಡುಕಿ ಅದರ ಮೊದಲಿಗೆ ಇಟ್ಟರು.

ಇದೇ ಹೊತ್ತಿಗೆ ಸೀಮೆಯ ಬೇರೆ ಪರಂಪರೆಗಳಲ್ಲೂ ಪ್ರಶ್ನೋತ್ತರವೇ ಗ್ರಂಥರೂಪ ತಾಳಿತ್ತು. ಫಿರೋಜ್ ಷಾ ಬಹಮನಿಯ ಕಾಲದಲ್ಲಿ ಕಲಬುರಗಿಗೆ ಬಂದು 1422ರಲ್ಲಿ ತೀರಿಕೊಂಡ ಸೂಫಿ ಸಂತ ಖ್ವಾಜಾ ಬಂದೇನವಾಜ್ ಗೇಸೂದರಾಜರ ಮಜಲಿಸ್ಸಿನ ಮಾತುಗಳನ್ನು ಅವರ ಹಿರಿಯ ಮಗ ಅಕ್ಬರ್ ಹುಸೇನಿ ಫಾರಸಿಯಲ್ಲಿ ‘ಜವಾಮಿ ಉಲ್ ಕಲಿಮ್’ ಎಂದು ಬರೆದಿಟ್ಟ. ಮಲ್ಫೂಜಾತ್ ಎಂಬ ಈ ಪ್ರಕಾರದಲ್ಲಿ ಶಿಷ್ಯರಾದ ಮುರೀದರು ಕೇಳುತ್ತಾರೆ, ಗುರುಗಳಾದ ಪೀರರು ಹೇಳುತ್ತಾರೆ, ಬರೆಯುವವನು ಮೂರನೆಯವನು. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ನೆಲೆಸಿದ್ದ ನೃಸಿಂಹ ಸರಸ್ವತಿಗಳ ಚರಿತೆ ‘ಗುರುಚರಿತ್ರೆ’ಯೂ ಸಂವಾದವೇ: ನಾಮಧಾರಕ ಕೇಳುತ್ತ ಹೋಗುತ್ತಾನೆ, ಸಿದ್ಧ ಹೇಳುತ್ತ ಹೋಗುತ್ತಾನೆ. ಬರೆದವನು ಸರಸ್ವತೀ ಗಂಗಾಧರ, ಭಾಷೆ ಮರಾಠಿ. ಏಳು ದಿನದ ಸಪ್ತಾಹವಾಗಿ ಅದನ್ನು ಪಾರಾಯಣ ಮಾಡುವ ನೇಮ ಇಂದಿಗೂ ನಡೆದಿದೆ. ಎರಡೂ ದೊಡ್ಡ ಗ್ರಂಥಗಳು, ಆದರೆ ಎರಡರಲ್ಲೂ ಕೇಳಿದವನ ಕೈಗೆ ಲೇಖನಿ ಬರಲಿಲ್ಲ.

ಪ್ರಶ್ನೆ ಎದುರಿಸಿದವನೇ ಬರೆಯುವ ರೂಢಿ ಜೇವರ್ಗಿಯಲ್ಲಿ ಮುಂದುವರಿಯಿತು. 17ನೆಯ ಶತಮಾನದಲ್ಲಿ ಹುಟ್ಟಿ 18ರ ಆರಂಭದವರೆಗೆ ಬಾಳಿದ ಷಣ್ಮುಖಸ್ವಾಮಿ ಅಲ್ಲಿಯ ವಿರಕ್ತ. ಗುರುವಿನ ಹೆಸರಾದ ಅಖಂಡೇಶ್ವರನೇ ಅವರ ಅಂಕಿತ. ಏಳು ನೂರಕ್ಕೂ ಹೆಚ್ಚು ವಚನಗಳನ್ನು ಅವರು ಸ್ಥಲದ ಕ್ರಮದಲ್ಲೇ ಬರೆದರು. ಕಲ್ಯಾಣದ ಕಾಲ ಮುಗಿದು ಐನೂರು ವರ್ಷ ಕಳೆದಿತ್ತು, ಸೀಮೆ ಬಿಜಾಪುರದ ಆದಿಲ್‌ಶಾಹಿಯಿಂದ ಮೊಗಲರ ಕೈಗೆ ದಾಟುತ್ತಿತ್ತು. ಈ ವಚನಗಳಲ್ಲಿ ಆ ರಾಜಕೀಯದ ಸದ್ದು ಹುಡುಕುವುದು ವ್ಯರ್ಥ. ಸಿಗುವುದು ಹಳೆಯ ಸ್ಥಲಗಳನ್ನು ಒಂದೊಂದಾಗಿ ತನಗೇ ಹಾಕಿಕೊಂಡು ಉತ್ತರಿಸುವ ತಾಳ್ಮೆ. ಬಸವಣ್ಣನ ಬಿಸುಪು, ಅಲ್ಲಮನ ಬೆರಗು ಇಲ್ಲಿಲ್ಲ. ಹಲವು ವಚನಗಳು ಮೊದಲಿನವರ ಮಾತನ್ನೇ ಮರಳಿ ಹೇಳುತ್ತವೆ. ಆದರೆ ಸ್ಫೂರ್ತಿ ಬಂದಾಗ ಬರೆಯುವುದಕ್ಕೂ ನೇಮದಿಂದ ಬರೆಯುವುದಕ್ಕೂ ಇರುವ ಅಂತರ ತಿಳಿಯಬೇಕಾದರೆ ನೋಡಬೇಕಾದದ್ದು ಷಣ್ಮುಖಸ್ವಾಮಿಗಳನ್ನು. ನೇಮದ ಬರಹದಲ್ಲಿ ಸಾಧಾರಣವಾದವು ಹತ್ತು ಬಂದ ಮೇಲೆ ತಟ್ಟನೆ ಒಂದು ಹೊಳೆಯುತ್ತದೆ. ಅವರ ವಚನಗಳಲ್ಲಿ ಜನ ಇಂದಿಗೂ ನೆನೆಯುವವು ಹಾಗೆ ಬಂದವೇ.

ನೇಮವನ್ನು ಮುರಿದು ಪ್ರಶ್ನೆಯನ್ನು ಬೀದಿಗೆ ತಂದವರು ಕಡಕೋಳ ಮಡಿವಾಳಪ್ಪ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಅಫಜಲಪುರ ಸೀಮೆಯ ಬಿದನೂರಿನಲ್ಲಿ ಹುಟ್ಟಿ, ಚಿನ್ಮಯಗಿರಿಯ ಮಹಾಂತೇಶ್ವರರನ್ನು ಗುರುವಾಗಿ ಪಡೆದು, ಮೊದಲು ಜೇವರ್ಗಿ ತಾಲ್ಲೂಕಿಗೂ ಈಗ ಯಡ್ರಾಮಿ ತಾಲ್ಲೂಕಿಗೂ ಸೇರಿದ ಕಡಕೋಳದಲ್ಲಿ ನೆಲೆ ನಿಂತವರು. ಗುರು ಮಹಾಂತನ ಹೆಸರೇ ಅವರ ಅಂಕಿತ. ಹುಟ್ಟಿನ ಕಾರಣಕ್ಕೇ ಊರವರ ಮೂದಲಿಕೆ ಉಂಡ ಈ ಮನುಷ್ಯನಿಗೆ ನೀನು ಯಾರು ಎಂಬ ಪ್ರಶ್ನೆ ಶಾಸ್ತ್ರದ್ದಾಗಿರಲಿಲ್ಲ, ದಿನಾ ಎದುರಾಗುವ ಬೈಗುಳವಾಗಿತ್ತು. ತತ್ವಪದಗಳಲ್ಲಿ ಅವರು ಅದನ್ನು ಕೇಳಿದವರ ಕಡೆಗೇ ತಿರುಗಿಸಿದರು. ನಿನ್ನ ಕುಲ ಯಾವುದು, ನಿನ್ನ ಮಡಿ ಎಲ್ಲಿಯತನಕ, ಸತ್ತ ಮೇಲೆ ಏನು ಒಯ್ಯುತ್ತಿ?

ತತ್ವಪದದ ರಚನೆಯೇ ಪ್ರಶ್ನೆಗೆ ಅನುಕೂಲವಾಗಿದೆ. ಪಲ್ಲವಿಯಲ್ಲಿ ಸವಾಲು, ನುಡಿ ನುಡಿಯಲ್ಲೂ ಅದರ ಬಿಡಿಸುವಿಕೆ, ಪ್ರತಿ ನುಡಿ ಮುಗಿದಾಗಲೂ ಮತ್ತೆ ಪಲ್ಲವಿಗೆ ಬರುವುದರಿಂದ ಸವಾಲು ಮರೆಯುವಂತಿಲ್ಲ. ತಮ್ಮಾ, ತಂಗಿ, ಮನವೇ ಎಂದು ಕರೆದು ಕೇಳುವ ಸಲಿಗೆ ಬೇರೆ. ಮಡಿವಾಳಪ್ಪನವರ ಶಿಷ್ಯರ ಸಾಲಿನಲ್ಲಿ ದಲಿತರಾದ ಖೈನೂರು ಕೃಷ್ಣಪ್ಪ, ಮುಸ್ಲಿಮರಾದ ಚೆನ್ನೂರು ಜಲಾಲಸಾಹೇಬ, ತೆಲಗಬಾಳ ರೇವಪ್ಪ ಮುಂತಾದವರಿದ್ದಾರೆ. ಒಬ್ಬೊಬ್ಬರೂ ತಮ್ಮ ತಮ್ಮ ಪದ ಕಟ್ಟಿದರು. ಗುರು ಹಾಕಿದ ಪ್ರಶ್ನೆಗೆ ಶಿಷ್ಯ ತನ್ನದೇ ಪದದಲ್ಲಿ ಉತ್ತರಿಸಬೇಕು, ಗುರುವಿನ ಪದವನ್ನು ಒಪ್ಪಿಸಿದರೆ ಸಾಲದು ಎಂಬುದು ಈ ಪಂಥದ ಬೆಳವಣಿಗೆಯಲ್ಲೇ ಕಾಣುತ್ತದೆ. ಕಲಬುರಗಿಯ ಲೇಖಕಿ ಮೀನಾಕ್ಷಿ ಬಾಳಿ ಅವರಂಥ ವಿದ್ವಾಂಸರು ಮಡಿವಾಳಪ್ಪ ಹಾಗೂ ಶಿಷ್ಯರ ಮೇಲೆ ದುಡಿದದ್ದರಿಂದ ಈ ಸಾಲು ಓದುಗರ ಕಣ್ಣಿಗೆ ಬಿತ್ತು.

ಜಾತ್ರೆ, ಉರುಸುಗಳಲ್ಲಿ ಹರದೇಶಿ–ನಾಗೇಶಿ ಮೇಳಗಳು ರಾತ್ರಿಯಿಡೀ ನಡೆಸುತ್ತಿದ್ದ ಸವಾಲ್–ಜವಾಬ್ ಇದರ ತುಂಟ ತಮ್ಮ. ಶಿವ ಹೆಚ್ಚೋ ಶಕ್ತಿ ಹೆಚ್ಚೋ, ಗಂಡು ಮೇಲೋ ಹೆಣ್ಣು ಮೇಲೋ ಎಂದು ಡಪ್ಪಿನ ಗತ್ತಿಗೆ ಒಂದು ಮೇಳ ಪ್ರಶ್ನೆ ಎಸೆದರೆ ಇನ್ನೊಂದು ಅಲ್ಲೇ ಉತ್ತರ ಕಟ್ಟಬೇಕು. ಅಂತರಂಗದ ವಿಚಾರಣೆ ಇಲ್ಲಿ ಕಡಿಮೆ, ಎದುರಾಳಿಯನ್ನು ಸೋಲಿಸುವ ಹಟ ಹೆಚ್ಚು. ಹಾಗಿದ್ದರೂ ಮುಂದಿನ ಜಾತ್ರೆಗೆ ಉತ್ತರ ಸಿದ್ಧವಿರಲೆಂದು ಹಾಡುಗಾರರು ಪದ ಬರೆದಿಟ್ಟುಕೊಳ್ಳುತ್ತಿದ್ದರು.

ಬರೆದಿಟ್ಟುಕೊಳ್ಳುವ ಸಾಮಗ್ರಿ ಈ ವೇಳೆಗೆ ಬದಲಾಗಿತ್ತು. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು ಮಡಚಿದ ಕಡತದ ಮೇಲೆ ಬಳಪದಿಂದ ಬರೆಯುವುದು ಲೆಕ್ಕಪತ್ರಕ್ಕೆ ಸಲ್ಲುತ್ತಿತ್ತು. ಕಾಗದ ಅಗ್ಗವಾದ ಮೇಲೆ ಹೊಲಿದ ವಹಿ ಬಂತು. ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಅದೇ. 1907ರಲ್ಲಿ ಕಲಬುರಗಿಯಲ್ಲಿ ಆರಂಭವಾದ ನೂತನ ವಿದ್ಯಾಲಯದಂಥ ಖಾಸಗಿ ಶಾಲೆಗಳನ್ನು ಬಿಟ್ಟರೆ ಹಳ್ಳಿಯ ಹುಡುಗನಿಗೆ ಕನ್ನಡ ಬರೆಯುವ ಸಂದರ್ಭವೇ ವಿರಳ. ಆ ಕೊರತೆಯನ್ನು ಅಷ್ಟಿಷ್ಟು ತುಂಬಿದ್ದು ಭಜನೆಯ ವಹಿ. ಅಮಾವಾಸ್ಯೆಗೋ ಸೋಮವಾರಕ್ಕೋ ಏಕತಾರಿ, ದಮ್ಮಡಿ, ತಾಳ ಹಿಡಿದು ಗುಡಿಯಲ್ಲಿ ಸೇರುವವರು ಪದ ನಕಲು ಮಾಡಿಕೊಳ್ಳುವರು. ಅಂಥ ವಹಿಗಳಲ್ಲಿ ಮಡಿವಾಳಪ್ಪನ ಪದದ ಮಗ್ಗುಲಲ್ಲೇ ಹೆಸರಿಲ್ಲದವರು ಕಟ್ಟಿದ ಪದಗಳೂ ಸೇರಿಕೊಂಡವು. ಪಾಠಾಂತರ ಹುಡುಕುವ ಸಂಶೋಧಕರಿಗೆ ಇವು ತಲೆನೋವು. ರೂಢಿಯ ಇತಿಹಾಸಕ್ಕೆ ಮಾತ್ರ ಇವೇ ಸಾಕ್ಷಿ, ಏಕೆಂದರೆ ನಕಲಿನ ನಡುವೆ ಸ್ವಂತದ್ದು ಬೆಳೆದದ್ದು ಇಲ್ಲೇ.

ಅತ್ತ ವಿಜಯಪುರದಲ್ಲಿ ವಕೀಲ ಫ.ಗು. ಹಳಕಟ್ಟಿ ಮನೆಮನೆ ತಿರುಗಿ ಓಲೆಕಟ್ಟು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನೂ 1926ರಿಂದ ‘ಶಿವಾನುಭವ’ ಪತ್ರಿಕೆಯನ್ನೂ ಹೊರತಂದರು. 1993ರಲ್ಲಿ ಎಂ.ಎಂ. ಕಲಬುರ್ಗಿ ಅವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರದ ಹದಿನೈದು ಸಂಪುಟಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಅಚ್ಚಾದವು. ಅಚ್ಚಿನಿಂದ ಓದುಗರು ಹೆಚ್ಚಿದರು, ಉತ್ತರ ಬರೆಯುವವರು ಅಷ್ಟೇನೂ ಹೆಚ್ಚಲಿಲ್ಲ. ಗದಗಿನ ತೋಂಟದಾರ್ಯ ಮಠದ ಸೋಮವಾರದ ಶಿವಾನುಭವದಂಥ ಗೋಷ್ಠಿಗಳು ಸೇರುವ ನೇಮವನ್ನು ದಶಕಗಟ್ಟಲೆ ಕಾಪಾಡಿದವು. ಅಲ್ಲಿ ಮಾತಾಡುವವರು ಒಬ್ಬಿಬ್ಬರು, ಉಳಿದವರದು ಕೇಳುವ ಕೆಲಸ.

ಕೇಳಿದವರ ಕೈಗೆ ಲೇಖನಿ ಮರಳಿ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ಅಮೆರಿಕದಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ಬದುಕಿನ ಕಹಿ ಘಟನೆಗಳ ಬಗ್ಗೆ ಬರೆದಿದ್ದರು. ಆತ್ಮಾವಲೋಕನದ ಬರಹಕ್ಕೆ ಮನಶ್ಶಾಸ್ತ್ರದ ಮುದ್ರೆ ಬಿದ್ದದ್ದು ಇಂಥ ಕೆಲಸಗಳಿಂದ. ಭಾರತದಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರ ನಿಯಮಗಳಲ್ಲಿ ಬಿ.ಇಡಿ. ತರಬೇತಿಯನ್ನು ಎರಡು ವರ್ಷಕ್ಕೆ ಏರಿಸಿ, ಅದರ ಪಠ್ಯಕ್ರಮದ ಚೌಕಟ್ಟಿನಲ್ಲಿ ತನ್ನನ್ನು ತಾನು ಅರಿಯುವುದನ್ನೇ ಒಂದು ಪತ್ರಿಕೆಯಾಗಿ ಸೇರಿಸಿತು. ಇಂದು ಭಾವಿ ಶಿಕ್ಷಕರು ಪಾಠ ಮುಗಿಸಿ ಬಂದು ಇಂದು ಏನು ಗೆದ್ದಿತು, ಎಲ್ಲಿ ತಡವರಿಸಿದೆ, ಹಿಂದಿನ ಬೆಂಚಿನ ಮಗುವಿನ ಕಡೆ ನೋಡಿದೆಯಾ ಎಂಬ ಬಗೆಯ ಪ್ರಶ್ನೆಗಳಿಗೆ ದಿನಚರಿಯಲ್ಲಿ ಉತ್ತರ ಬರೆಯಬೇಕು. ಆ ಪುಸ್ತಕಕ್ಕೆ ಅಂಕವೂ ಉಂಟು. ಅಂಕ ಇರುವಲ್ಲಿ ಕೆಲವರು ಕೊನೆಯ ವಾರ ಒಟ್ಟಿಗೆ ಕೂತು ಎಲ್ಲ ದಿನಗಳನ್ನೂ ತುಂಬಿಸುತ್ತಾರೆ. ಒಬ್ಬರ ಉತ್ತರ ಇನ್ನೊಬ್ಬರ ಪುಸ್ತಕಕ್ಕೂ ಇಳಿಯುತ್ತದೆ. ಸಹಪಾಠಿಗಳ ಎದುರು ತಮ್ಮ ಪುಟವನ್ನು ಗಟ್ಟಿಯಾಗಿ ಓದಿಸಿ ಚರ್ಚೆಗೆ ಬಿಡುವ ಮೇಷ್ಟ್ರುಗಳಿರುವಲ್ಲಿ ಈ ನಕಲು ನಡೆಯುವುದಿಲ್ಲ: ಅದೇ ಉತ್ತರ ಎರಡನೆಯ ಸಲ ಕೇಳಿಬಂದರೆ ತರಗತಿಯೇ ನಕ್ಕುಬಿಡುತ್ತದೆ.